ಮೀನಿನ ಟಿವಿಯಲ್ಲಿ ಅಪ್ಪನ ಗದ್ದುಗೆ

ನಮ್ಮ ಎದುರುಮನೆಯ ಆಚಾರ್ಯರು ಮೀನು ತಿನ್ನುವವರಲ್ಲ, ಹಿಡಿಯುವವರೂ ಅಲ್ಲ. ಮೀನು ಮಾರುವ ಓಣಿ ಬಂತೆಂದರೆ ಉಸಿರು ಬಿಗಿಹಿಡಿದು ಸ್ಕೂಟರಿನ ವೇಗ ಹೆಚ್ಚಿಸುವವರು. ಆದರೂ ಬಳ್ಳಾರಿಯ ಗಾಂಧಿನಗರದ ನಮ್ಮ ಸಾಲಿನಲ್ಲಿ ಮೀನು ಹುಡುಕುವ ಯಂತ್ರ ಇದ್ದದ್ದು ಅವರ ಹತ್ತಿರ ಮಾತ್ರ. ಸಿರುಗುಪ್ಪದ ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿ ನೌಕರಿಯುದ್ದಕ್ಕೂ ನೀರಿನ ಮಟ್ಟ ಬರೆದವರು, ನಿವೃತ್ತಿಯಾದ ಮೇಲೆ ಆ ನೀರಿನೊಳಗೆ ಏನಿದೆ ಎಂದು ನೋಡುವ ಹುಚ್ಚು ಹಚ್ಚಿಕೊಂಡರು. ಆನ್‌ಲೈನಿನಲ್ಲಿ ಇರುವುದರಲ್ಲೇ ಸಾದಾ ಫಿಶ್ ಫೈಂಡರ್ ತರಿಸಿದರು. ಅಂಗೈ ಅಗಲದ ಪರದೆ, ಉದ್ದನೆಯ ವೈರು, ವೈರಿನ ತುದಿಗೆ ಸೋಪಿನಷ್ಟು ದಪ್ಪದ ಸೆನ್ಸರು, ಕೈಚೀಲದಲ್ಲೊಂದು ಬ್ಯಾಟರಿ. ಮೀನು ನೋಡಿದ ಸಾಮಾನು ದೇವರ ಮನೆ ಇರುವ ಮನೆಯೊಳಗೆ ಬರಕೂಡದು ಎಂದು ಅವರ ಹೆಂಡತಿ ಹಟ ಹಿಡಿದದ್ದರಿಂದ ಅದಷ್ಟೂ ಸ್ಕೂಟರಿನ ಡಿಕ್ಕಿಯಲ್ಲೇ ವಾಸವಾಗಿತ್ತು.

ಭಾನುವಾರ ಬೆಳಿಗ್ಗೆ ಅವರು ಕುರುಗೋಡು ದಾಟಿ ಬಾದನಹಟ್ಟಿ ಕಡೆಯ ಕೆರೆಗೆ ಹೋಗುತ್ತಿದ್ದರು. ಕರೂರಿನ ಒಬ್ಬ ಅಂಬಿಗ ಅಲ್ಲಿ ಬಲೆ ಹಾಕುತ್ತಿದ್ದ. ಅವನ ಹರಿಗೋಲಿನಲ್ಲಿ ಕುಳಿತು ಪರದೆಯಲ್ಲಿ ಮೀನು ನೋಡುವುದು, ಎಲ್ಲಿ ಹೆಚ್ಚಿವೆ ಎಂದು ಅವನಿಗೆ ತೋರಿಸುವುದು, ಮನೆಗೆ ಬಂದು ತಲೆಗೆ ಸ್ನಾನ ಮಾಡುವುದು, ಇಷ್ಟೇ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವಳು. ಕಾರಣವಿಲ್ಲದ ಕೆಲಸ ಕಂಡರೆ ನನಗೆ ಆಗುವುದಿಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ಹಿಡಿಯೂದಿಲ್ಲ ಅಂದಮ್ಯಾಲೆ ಹುಡುಕೂದು ಯಾಕ್ರಿ ಆಚಾರ್ರೆ?"

"ನೀವು ಹುಡುಗರಿಗೆ ಆಕಾಶದಾಗ ಚುಕ್ಕಿ ತೋರಸ್ತೀರಲ್ಲ ಟೀಚರ್ರೆ, ಅವನ್ನೇನು ಹಿಡಕೊಂಡು ಬರ್ತೀರೇನು?"

ನನಗೆ ತಿರುಗಿ ಉತ್ತರ ಕೊಡುವವರೆಂದರೆ ಸಿಟ್ಟು.

ನಮ್ಮ ಅವ್ವ ಈ ಮಾತುಕತೆಯನ್ನೆಲ್ಲ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದಳು. ನಾನು ಒಬ್ಬಳೇ ಮಗಳು. ಹೊಲ ಹೋದ ಮೇಲೆ ಅವ್ವ ನನ್ನ ಮನೆಗೆ ಬಂದಳು, ನಮ್ಮ ಮನೆಯವರೂ ತಮ್ಮ ತಾಯಿಯ ಹಾಗೆಯೇ ನೋಡಿಕೊಂಡರು. ಊಟ, ಔಷಧ, ಧಾರಾವಾಹಿ ಯಾವುದಕ್ಕೂ ಕೊರತೆ ಇರಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಒಂದು ಜಗಳ. ಸತ್ತ ಮೇಲೆ ತನ್ನನ್ನು ಎಲ್ಲಿ ಮಣ್ಣು ಮಾಡಬೇಕು ಎಂಬುದು.

ನಮ್ಮಲ್ಲಿ ಸುಡುವುದಿಲ್ಲ. ಹೋದವರನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚುತ್ತೇವೆ. ಹೊಲ ಇದ್ದವರು ಹೊಲದಲ್ಲೇ ಇಡುತ್ತಾರೆ, ಮೇಲೆ ಕಲ್ಲು ಕಟ್ಟಿ ಗದ್ದುಗೆ ಮಾಡುತ್ತಾರೆ. ಅಪ್ಪನನ್ನು ಹೊಲದ ಮೂಲೆಯಲ್ಲಿ ಹಾಗೆಯೇ ಇಟ್ಟೆವು. ಅವ್ವ ಹಟ ಮಾಡಿ ಆ ಜಾಗಕ್ಕೆ ಇಬ್ಬರಿಗಾಗುವಷ್ಟು ಅಗಲದ ಕಲ್ಲಿನ ಅಂಚು ಕಟ್ಟಿಸಿದಳು. ಒಂದು ಬದಿಗೆ ಗದ್ದುಗೆ, ಮಗ್ಗುಲಲ್ಲಿ ಖಾಲಿ ನೆಲ. ಆ ಖಾಲಿ ನೆಲ ಅವಳದು. ಬೆಳಿಗ್ಗೆ ಕಸ ಗುಡಿಸುವಾಗ ಎರಡನ್ನೂ ಸರಿಸಮ ಗುಡಿಸುತ್ತಿದ್ದಳು. ನೋಡಿದವರಿಗೆ ಮೈ ಜುಮ್ಮೆನ್ನುತ್ತಿತ್ತು, ಅವಳಿಗೆ ಅಂಗಳ ಗುಡಿಸಿದಷ್ಟೇ ಸಹಜ.

ಮುಂದೆ ನಮ್ಮ ಹೊಲದ ಪಕ್ಕದ ಕೆರೆಯ, ಈಗ ಆಚಾರ್ಯರು ಮೀನು ನೋಡಲು ಹೋಗುವ ಅದೇ ಕೆರೆಯ ಏರಿ ಎತ್ತರಿಸಿದರು, ಕಾಲುವೆಯಿಂದ ನೀರು ತಂದು ತುಂಬಿಸಿದರು. ಕುಡಿಯುವ ನೀರಿಗೆ ಬೇಕಾಗಿತ್ತು, ತಪ್ಪೆಂದು ನಾನು ಹೇಳಲಾರೆ. ಕೆರೆಯ ಅಂಚಿನ ಹೊಲಗಳು ಒಳಗೆ ಹೋದವು, ನಮ್ಮದೂ ಹೋಯಿತು. ನೀರು ಬರುವ ಮುಂಚೆ ಊರಿನ ಹಿರಿಯರು ಗದ್ದುಗೆಯಿಂದ ಹಿಡಿ ಮಣ್ಣು ತೆಗೆದು ಬೇರೆ ಕಡೆ ಇಡೋಣ ಎಂದರು. ಅವ್ವ ಒಪ್ಪಲಿಲ್ಲ. "ಕುಂತಾರನ್ನ ಎಬ್ಬಸೂದು ಬ್ಯಾಡ" ಅಂದಳು. ಅಪ್ಪ ಕುಳಿತಲ್ಲೇ ಉಳಿದ. ಗದ್ದುಗೆಯ ಪಕ್ಕ ಅವ್ವ ನೀರು ಹೊತ್ತು ಬೆಳೆಸಿದ ಬಿಲ್ವದ ಗಿಡವೊಂದಿತ್ತು. ಮೊದಮೊದಲು ಅದರ ತುದಿ ನೀರಿನ ಮೇಲೆ ಕಾಣುತ್ತಿತ್ತು, ಏರಿಯ ಮೇಲೆ ನಿಂತು ಅದಕ್ಕೆ ಕೈ ಮುಗಿದು ಬರುತ್ತಿದ್ದಳು. ಆಮೇಲೆ ಅದೂ ಕೊಳೆತು ಬಿತ್ತು. ಎಲ್ಲಿ ನೋಡಿದರೂ ಒಂದೇ ನೀರು. ಯಾವ ಕಡೆಗೆ ಕೈ ಮುಗಿಯಬೇಕೆಂದು ತಿಳಿಯದೆ ಒಂದು ಸಲ ಏರಿಯ ಮೇಲೆ ಸುತ್ತಲೂ ತಿರುಗಿ ತಿರುಗಿ ನೋಡಿದಳು. ಆಮೇಲೆ ಅವಳು ಕೆರೆಗೆ ಹೋಗುವುದನ್ನೇ ಬಿಟ್ಟಳು.

ಆದರೆ ಹಟ ಬಿಡಲಿಲ್ಲ. ಬಳ್ಳಾರಿಯ ರುದ್ರಭೂಮಿಗೆ ತನ್ನನ್ನು ಒಯ್ಯಕೂಡದು, ಕೆರೆಯ ಏರಿಯ ಬುಡದಲ್ಲಾದರೂ ಇಡಬೇಕು. "ಅಲ್ಲೆ ಅವ್ರು ಒಬ್ರ ಅದಾರ. ನಾ ಇಲ್ಲೆ ಕುಂತ್ರ ಯಾರು ನೋಡ್ಬೇಕು?" ಎನ್ನುತ್ತಿದ್ದಳು. ಏರಿಯಲ್ಲಿ ಯಾರೂ ಬಿಡುವುದಿಲ್ಲ ಎಂದರೆ, "ನೀ ಟೀಚರ್ ಅಲ್ಲೇನು, ಕೇಳು" ಎನ್ನುತ್ತಿದ್ದಳು. ಆಚಾರ್ಯರು ಯಂತ್ರ ತರಿಸಿದ ವರ್ಷ ಡಾಕ್ಟರು ಅವ್ವನ ಹೃದಯ ಬಹಳ ದಣಿದಿದೆ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಅಂದಿನಿಂದ ಈ ಜಗಳ ಬರೀ ಮಾತಿನ ಜಗಳವಾಗಿ ಉಳಿಯಲಿಲ್ಲ. ಅವಳ ಕೊನೆಯ ಮಾತನ್ನು ನಡೆಸಲಾಗದೆ ಅವಳನ್ನು ಹೊತ್ತು ರುದ್ರಭೂಮಿಗೆ ನಡೆಯುವ ದಿನ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಪಾಠ ಮಾಡುವಾಗಲೂ ಬರುತ್ತಿತ್ತು.

ಒಂದು ಸಂಜೆ ಆಚಾರ್ಯರು ಡಿಕ್ಕಿ ತೆರೆದು ಬ್ಯಾಟರಿ ಒರೆಸುತ್ತಿದ್ದಾಗ ಅವ್ವ ಕಟ್ಟೆಯಿಂದಲೇ ಕೇಳಿದಳು.

"ಆಚಾರ್ರೆ, ನಿಮ್ಮ ಮೀನಿನ ಟಿವ್ಯಾಗ ಮೀನ ಅಷ್ಟ ಕಾಣ್ತಾವೇನ್ರಿ?"

"ನೆಲಾನೂ ಕಾಣಸ್ತದ ಅವ್ವಾರೆ. ತೆಗ್ಗು, ದಿಬ್ಬ, ಕಲ್ಲು, ಎಲ್ಲಾ ಗೀಟಿನ್ಹಂಗ ಕಾಣಸ್ತದ."

ಅವ್ವ ಸಣ್ಣ ದನಿಯಲ್ಲಿ, "ಗದ್ದಿಗಿ ಕಾಣ್ತೈತೇನ್ರಿ?" ಅಂದಳು.

ಆಚಾರ್ಯರು ನನ್ನ ಮುಖ ನೋಡಿದರು. ಆಗುವುದಿಲ್ಲ ಎಂದು ಹೇಳಲಿ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಆ ಪುಣ್ಯಾತ್ಮ ಅದನ್ನು ತಪ್ಪು ತಿಳಿದರೋ ಬೇಕೆಂದೇ ತಿಳಿಯಲಿಲ್ಲವೋ, "ನೋಡೂಣು ಬರ್ರಿ" ಎಂದುಬಿಟ್ಟರು.

ಮಾನಮಿ ಅಮಾವಾಸ್ಯೆಯ ದಿನ ಹೊರಟೆವು. ಹಿರಿಯರಿಗೆ ಎಡೆ ಇಡುವ ದಿನ ಅದು. ಅವ್ವ ನಸುಕಿನಲ್ಲೇ ಎದ್ದು ಹೋಳಿಗೆ, ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ ಎಲ್ಲ ತಾನೇ ಮಾಡಿದಳು. ಒಲೆಯ ಮುಂದೆ ನಿಂತರೆ ಏದುಸಿರು ಬರುತ್ತಿದ್ದರೂ ನನ್ನನ್ನು ಹತ್ತಿರ ಬಿಡಲಿಲ್ಲ. ನಮ್ಮ ಮನೆಯವರು ಎಲ್ಲಿಂದಲೋ ಲೈಫ್ ಜಾಕೆಟ್ ತಂದು, ಇದನ್ನು ಹಾಕಿಕೊಂಡರೆ ಮಾತ್ರ ಹೋಗಬಹುದು ಎಂದರು. ಕುರುಗೋಡಿನವರೆಗೆ ಬಸ್ಸು, ಅಲ್ಲಿಂದ ಮುಂದಕ್ಕೆ ಆಟೊ. ಆಚಾರ್ಯರು ಸ್ಕೂಟರಿನಲ್ಲಿ ಮುಂಚೆಯೇ ಹೋಗಿ ಹರಿಗೋಲಿನ ಹತ್ತಿರ ನಿಂತಿದ್ದರು. ಅಂಬಿಗ ಹರಿಗೋಲನ್ನು ತಿಕ್ಕಿ ತೊಳೆದು ಒಳಗೆ ಬೇವಿನ ಸೊಪ್ಪು ಹಾಸಿದ್ದ. ಆದರೂ ಮೀನಿನ ವಾಸನೆ ಅದರ ಮೈಯಲ್ಲೇ ಇತ್ತು. ಅವ್ವ ಮೂಗಿಗೆ ಸೆರಗು ಹಿಡಿಯಲಿಲ್ಲ, ಎಡೆಯ ಗಂಟನ್ನು ಮಾತ್ರ ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಹತ್ತುವ ಮುಂಚೆ ಚಪ್ಪಲಿ ದಡದಲ್ಲಿ ಬಿಟ್ಟಳು.

"ಯವ್ವಾ, ಕಾಲಿಗೆ ಬಿದಿರಿನ ಸಿಬರು ಚುಚ್ಚತಾವ, ಹಾಕ್ಕೊ" ಎಂದೆ.

"ಹೊಲಕ್ಕ ಹೊಂಟೀನಲೇ. ಗದ್ದಿಗಿ ಇರೂ ಹೊಲಕ್ಕ ಚಪ್ಪಲಿ ಮೆಟ್ಟಿ ಹೋಗ್ತಾರೇನು?"

ನಾನೂ ಬಿಟ್ಟೆ. ಆಚಾರ್ಯರೂ ಬಿಟ್ಟರು. ಕಿತ್ತಳೆ ಬಣ್ಣದ ಜಾಕೆಟ್ಟಿನೊಳಗೆ ಅವ್ವ ರಸ್ತೆ ರಿಪೇರಿಗೆ ಬಂದವರ ಹಾಗೆ ಕಾಣುತ್ತಿದ್ದಳು. ಬೇರೆ ದಿನವಾಗಿದ್ದರೆ ಅದನ್ನು ಹೇಳಿ ನಗಿಸುತ್ತಿದ್ದೆ.

ಆಚಾರ್ಯರು ಸೆನ್ಸರನ್ನು ಒಂದು ಬಿದಿರು ಕೋಲಿಗೆ ಕಟ್ಟಿ ನೀರೊಳಗೆ ಇಳಿಸಿ ಹಿಡಿದರು. ಪರದೆ ಅವ್ವನ ಮಡಿಲ ಎದುರಿಗೆ ಇತ್ತು. ಸೆನ್ಸರು ಕೆಳಗೆ ಶಬ್ದ ಕಳಿಸುತ್ತದೆ, ಅದು ನೆಲಕ್ಕೆ ಬಡಿದು ಮರಳಿ ಬರುತ್ತದೆ, ಬರಲು ಹಿಡಿದ ಹೊತ್ತಿನ ಮೇಲೆ ಆಳ ಗೊತ್ತಾಗುತ್ತದೆ ಎಂದು ನಾನು ಪಾಠ ಶುರು ಮಾಡಿದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಪರದೆಯ ತಳದಲ್ಲಿ ಕೆರೆಯ ನೆಲ ಕಪ್ಪು ಪಟ್ಟಿಯಾಗಿ ಬಲದಿಂದ ಎಡಕ್ಕೆ ಸರಿಯುತ್ತಿತ್ತು. ಅದರ ಮೇಲೆ ಪುಟ್ಟ ಪುಟ್ಟ ಮೀನಿನ ಚಿತ್ರಗಳು. ಅಗ್ಗದ ಯಂತ್ರಗಳಲ್ಲಿ ಹೀಗೆಯೇ, ನೀರಿನಲ್ಲಿ ಏನು ತೇಲಿದರೂ ಅದಕ್ಕೊಂದು ಮೀನಿನ ಚಿತ್ರ ಬರೆದುಬಿಡುತ್ತವೆ. ನನಗೆ ಅದು ಸಣ್ಣ ಮಕ್ಕಳ ಆಟವಾಗಿ ಕಂಡಿತು. ಆ ಚಿತ್ರಗಳನ್ನು ಅಳಿಸಿಬಿಡಿ, ಶಬ್ದ ಏನು ಹೇಳುತ್ತದೋ ಅಷ್ಟೇ ನೋಡೋಣ ಎಂದೆ. ಆಚಾರ್ಯರು ಚಿತ್ರಗಳಿಗೇ ಒಗ್ಗಿಕೊಂಡವರು, ಅವಿಲ್ಲದೆ ಒಂದು ದಿನವೂ ನೋಡಿದವರಲ್ಲ. ನಾನು ಟೀಚರ್ ಎಂಬ ಮರ್ಯಾದೆಗೆ ಬಟನ್ ಒತ್ತಿದರು. ಚಿತ್ರಗಳೆಲ್ಲ ಮಾಯವಾಗಿ ಬರೀ ಗೀಟು, ಕಲೆ, ಬಿಲ್ಲಿನಂತೆ ಬಾಗಿದ ಸಣ್ಣ ಗುರುತುಗಳು ಉಳಿದವು.

ಹೊಲ ಇದ್ದ ಅಂದಾಜಿಗೆ ಅಂಬಿಗ ಹುಟ್ಟು ಹಾಕಿದ. ಬಹಳ ಹೊತ್ತಾಗಿರಲಿಲ್ಲ, ಪಟ್ಟಿಯ ಮೇಲೆ ಒಂದು ದಿಬ್ಬ ಎದ್ದಿತು. ದುಂಡಗೆ, ದಟ್ಟವಾಗಿ, ನೆಲಕ್ಕೆ ಅಂಟಿಕೊಂಡು. "ಬಂತು!" ಎಂದರು ಆಚಾರ್ಯರು. ಅವ್ವ ಕಣ್ಣು ಮುಚ್ಚಿ ವಿಭೂತಿ ತೆಗೆದು ನೀರಿಗೆ ಬಿಟ್ಟಳು, ಬಿಲ್ವಪತ್ರೆ ಬಿಟ್ಟಳು, ಏನೋ ಗೊಣಗಿದಳು. ಎಡೆ ಬಿಡುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಹರಿಗೋಲನ್ನು ತಿರುಗಿಸಿ ಅದೇ ದಾರಿಯಲ್ಲಿ ಬಂದೆವು. ಪತ್ರೆ ಅಲ್ಲೇ ತೇಲುತ್ತಿತ್ತು. ಕೆಳಗೆ ದಿಬ್ಬ ಇರಲಿಲ್ಲ. ಸ್ವಲ್ಪ ಆಚೆ ಹೋದರೆ ಅದೇ ದಿಬ್ಬ ಅಲ್ಲಿ ಕಂಡಿತು. ನಾವು ನೋಡುತ್ತಿದ್ದಂತೆಯೇ ಎರಡಾಗಿ ಒಡೆಯಿತು.

ಮೀನಿನ ಹಿಂಡು. ಹುಟ್ಟಿದಂದಿನಿಂದ ಮೀನನ್ನು ತಟ್ಟೆಯಲ್ಲಾಗಲಿ ಸಂತೆಯಲ್ಲಾಗಲಿ ನೆಟ್ಟಗೆ ನೋಡದ ನಾವು ಮೂವರೂ ಒಂದು ಹಿಂಡು ಮೀನನ್ನು ಗದ್ದುಗೆ ಎಂದು ತಿಳಿದು ಪತ್ರೆ ಏರಿಸಿದ್ದೆವು. ಅಂಬಿಗ ನಗು ತಡೆಯಲಾರದೆ ಆಚೆ ಮುಖ ತಿರುಗಿಸಿದ. ಆಚಾರ್ಯರು ಪರಿಸ್ಥಿತಿ ಸುಧಾರಿಸಲು ಹೊರಟರು.

"ತಪ್ಪೇನಿಲ್ಲ ಅವ್ವಾರೆ, ಮತ್ಸ್ಯಾವತಾರಕ್ಕ ಸಂದಾಯ ಆತು."

"ನಿಮ್ಮ ಅವತಾರ ನಿಮಗಿರ್ಲಿ ಆಚಾರ್ರೆ" ಎಂದಳು ಅವ್ವ. "ನಮ್ಮ ಮನಿಯಾವ್ರು ಎಲ್ಲಿ ಅದಾರ ಹೇಳ್ರಿ."

ಅವಳ ದನಿಯಲ್ಲಿ ಅಳು ಇತ್ತು. ಮೀನಿನ ಚಿತ್ರಗಳನ್ನು ಅಳಿಸಲು ಹೇಳಿದವಳು ನಾನು, ಈಗ ಬೈಯಲು ಯಾರೂ ಸಿಗಲಿಲ್ಲ. ಸಾಕು ಯವ್ವಾ, ಎಲ್ಲ ನೀರೂ ಒಂದೇ, ಇಲ್ಲೇ ಎಡೆ ಬಿಡು, ಅಪ್ಪನಿಗೆ ಮುಟ್ಟುತ್ತದೆ ಎಂದೆ. ಅವ್ವ ನನ್ನನ್ನು ಗುರುತಿಲ್ಲದವರನ್ನು ನೋಡುವಂತೆ ನೋಡಿದಳು. ಯಾರದೋ ಮನೆಯ ಬಾಗಿಲಲ್ಲಿ ಗಂಡನ ಊಟ ಇಟ್ಟು ಬಾ ಎಂದಿದ್ದೆ ನಾನು. ಅದು ಆಗಲೇ ನನಗೆ ತಿಳಿಯಿತು.

ಅವ್ವ ತಲೆ ಎತ್ತಿ ಕುರುಗೋಡಿನ ಗುಡ್ಡದ ಕಡೆ ನೋಡಿದಳು. ಬಿಸಿಲು ಏರಿತ್ತು, ಗುಡ್ಡದ ಬಂಡೆಗಳು ಒಂದೊಂದೇ ಎಣಿಸುವಷ್ಟು ಸ್ವಚ್ಛವಾಗಿ ಕಾಣುತ್ತಿದ್ದವು.

"ಬಾವಿ ಹುಡಕ್ರಿ" ಅಂದಳು. "ಬಾವಿ ಎಲ್ಲೂ ಓಡಿಹೋಗಂಗಿಲ್ಲ."

ನಮ್ಮ ಹೊಲದಲ್ಲಿ ಮೆಟ್ಟಿಲಿನ ದೊಡ್ಡ ಬಾವಿಯೊಂದಿತ್ತು. ಅದು ನನಗೆ ಹೊಳೆದೇ ಇರಲಿಲ್ಲ. ನಾನು ಎತ್ತರ ಇರುವುದನ್ನಷ್ಟೇ ಹುಡುಕುತ್ತಿದ್ದೆ. ಅಂಬಿಗ ನೇಗಿಲ ಸಾಲು ಹೊಡೆದ ಹಾಗೆ ಹೋಗಿ ಬಂದು, ಹೋಗಿ ಬಂದು ಹುಟ್ಟು ಹಾಕತೊಡಗಿದ. ಆಚಾರ್ಯರ ಕೈ ಸೋತಾಗ ಕೋಲನ್ನು ನಾನು ಹಿಡಿದೆ. ಪಟ್ಟಿ ಸಪಾಟಾಗಿ ಸರಿಯುತ್ತಲೇ ಇತ್ತು. ನಮ್ಮ ಹೊಲದ ಎರೆಮಣ್ಣು, ಅಪ್ಪ ಹತ್ತಿ ಜೋಳ ಬೆಳೆದ ನೆಲ, ಒಂದು ಕಪ್ಪು ಗೀಟಾಗಿ ಕಣ್ಣ ಮುಂದೆ ಹೋಗುತ್ತಿತ್ತು. ಆಮೇಲೆ ಆ ಗೀಟು ಒಮ್ಮೆಲೇ ಕೆಳಗೆ ಬಿತ್ತು. ಆಳ ತೋರಿಸುವ ಅಂಕಿ ಇಮ್ಮಡಿಗಿಂತ ಹೆಚ್ಚಾಯಿತು, ಸ್ವಲ್ಪ ಮುಂದಕ್ಕೆ ಹೋದ ಮೇಲೆ ಗೀಟು ಮತ್ತೆ ಮೇಲಕ್ಕೆ ಬಂತು.

"ಬಾವಿ!" ಎಂದು ನಾನೇ ಕೂಗಿದೆ. ನನ್ನ ದನಿ ನೀರಿನ ಮೇಲೆ ಎಷ್ಟು ದೂರ ಹೋಯಿತೆಂದರೆ ಏರಿಯ ಮೇಲೆ ದನ ಮೇಯಿಸುತ್ತಿದ್ದವರು ತಿರುಗಿ ನೋಡಿದರು.

ಅಂಬಿಗ ಖಾಲಿ ಬಾಟಲಿಗೆ ದಾರ ಕಟ್ಟಿ, ದಾರಕ್ಕೆ ಕಲ್ಲು ಕಟ್ಟಿ ಅಲ್ಲಿ ಬಿಟ್ಟ. ಜಾಗದ ಗುರುತು ಇಟ್ಟುಕೊಳ್ಳುವ ಸೌಲಭ್ಯ ಆ ಸಾದಾ ಯಂತ್ರದಲ್ಲಿ ಇರಲಿಲ್ಲ, ಅಂಬಿಗರು ಬಲೆಗೆ ಗುರುತು ಮಾಡುವುದೂ ಹಾಗೆಯೇ. ಅವ್ವ ಈಗ ಮೊಣಕಾಲೂರಿ ನೆಟ್ಟಗೆ ಕುಳಿತಳು. ಗುಡ್ಡದ ಒಂದು ಬಂಡೆಗೆ ಬೆರಳು ತೋರಿಸಿದಳು.

"ಆ ಗುಂಡುಕಲ್ಲಿಗೆ ಮುಖ ಮಾಡಿ ಹೋಗಪ್ಪ. ಬಾವಿ ಮೆಟ್ಲ ಹತ್ತಿ ಬಂದ್ರ ಅದು ಎದುರಿಗೇ ಇರ್ತಿತ್ತು. ಬಿಲ್ಪತ್ರಿ ಗಿಡಕ್ಕ ಕೊಡ ಹೊತ್ಕೊಂಡು ಹೋಗ್ತಿದ್ನಿ. ಎಡಗಡಿ ಬಗಲು ಸೋತು ಬಲಗಡಿಗೆ ಬದಲಿಸಿದ್ನಿ ಅಂದ್ರ ಅರ್ಧ ಹಾದಿ. ಬಲಗಡೀದು ಸೋಲೂತ್ಲೆ ಗದ್ದಿಗಿ."

ಹರಿಗೋಲು ನಡಿಗೆಯಲ್ಲ, ಕೊಡದ ಭಾರ ಅಳತೆಯಲ್ಲ ಎಂದು ನನ್ನ ಬಾಯಿಗೆ ಬಂತು. ಈ ಸಲ ನುಂಗಿಕೊಂಡೆ. ಅವ್ವ ಅಂಬಿಗನಿಗೆ, ಹೆಂಗಸು ತುಂಬಿದ ಕೊಡ ಹೊತ್ತು ನಡೆಯುವಷ್ಟೇ ಸಾವಕಾಶ ಹೋಗು ಎಂದಳು. ಅವನು ಹಾಗೆಯೇ ಹುಟ್ಟು ಹಾಕಿದ. ಅವ್ವ ಎಡಗೈಯನ್ನು ಸೊಂಟದ ಮೇಲೆ ಬಳಸಿ ಹಿಡಿದು, ಇಲ್ಲದ ಕೊಡವನ್ನು ಹೊತ್ತು ಕುಳಿತಳು. ಅವಳ ತುಟಿ ಚೂರು ಬಿಗಿಯಾಯಿತು, ಮೈ ಎಡಕ್ಕೆ ವಾಲಿತು, ಆಮೇಲೆ ಕೈ ಬದಲಾಯಿಸಿದಳು. ನಾಟಕ ಮಾಡುತ್ತಿರಲಿಲ್ಲ ಅವಳು. ಹಣೆಯ ಮೇಲೆ ಬೆವರು ಬಂದಿತ್ತು. ನಾನು ಪರದೆ ನೋಡುವುದನ್ನು ಬಿಟ್ಟು ಅವ್ವನನ್ನೇ ನೋಡುತ್ತಿದ್ದೆ. ಇವಳು ಹೊತ್ತ ಕೊಡಗಳನ್ನು ನಾನು ಯಾವತ್ತೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ ಅನಿಸಿತು.

"ಇಲ್ಲೇ" ಅಂದಳು.

ಪರದೆಯಲ್ಲಿ ಏನೂ ಇರಲಿಲ್ಲ. ಅಂಬಿಗ ಹರಿಗೋಲನ್ನು ಸಣ್ಣದಾಗಿ ಸುತ್ತಿಸಿದ. ಇನ್ನೊಂದು ಸುತ್ತು ಹಿಗ್ಗಿಸಿದ. ಆಗ ಪಟ್ಟಿಯ ಮೇಲೆ ಒಂದು ಗಡ್ಡೆ ಎದ್ದಿತು. ಮೊದಲಿನ ಹಾಗೆ ದುಂಡಗಲ್ಲ, ಎರಡೂ ಬದಿ ನೆಟ್ಟಗೆ ಕಡಿದ ಹಾಗೆ. ಇನ್ನೊಮ್ಮೆ ಹೋದೆವು, ಇತ್ತು. ಅಡ್ಡ ಹೋದೆವು, ಆಗಲೂ ಇತ್ತು, ಎಲ್ಲೂ ಹೋಗಲಿಲ್ಲ. ಎರಡಾಳು ನೀರಿನ ಕೆಳಗೆ ಕುಳಿತಿತ್ತು. ಅಂಬಿಗ ಇನ್ನೊಂದು ಬಾಟಲಿ ಬಿಟ್ಟ.

ಗಡ್ಡೆಯ ಮಗ್ಗುಲಲ್ಲೇ ನೆಲದಿಂದ ಸ್ವಲ್ಪ ಮೇಲೆ ಬಿಲ್ಲಿನಂಥ ಗುರುತುಗಳು ಒತ್ತೊತ್ತಾಗಿ ತುಂಬಿದ್ದವು. ಕೆರೆಯಲ್ಲಿ ಬೇರೆಲ್ಲೂ ಅಷ್ಟು ಇರಲಿಲ್ಲ. ಸಪಾಟು ನೆಲದಲ್ಲಿ ಒಂದು ಕಲ್ಲು ಸಿಕ್ಕರೆ ಮೀನುಗಳು ಅದರ ಆಸರೆಗೆ ಬರುತ್ತವೆ ಎಂದು ಆಚಾರ್ಯರು ಮೆಲ್ಲಗೆ ಹೇಳಿದರು.

"ಇವು ಏನು?" ಎಂದು ಅವ್ವ ಬೆರಳಿಟ್ಟು ತೋರಿಸಿದಳು.

"ಅವ ಮೀನ ಅವ್ವಾರೆ."

"ಇಷ್ಟೂ?"

"ಇಷ್ಟೂ."

ಅವ್ವ ನನ್ನ ಕಡೆ ತಿರುಗಿದಳು. "ಅದು ಅವ್ರದ ಗದ್ದಿಗಿ, ಹೌದಲ್ಲ?"

ನನಗೆ ಖಾತ್ರಿ ಇರಲಿಲ್ಲ, ಇವತ್ತಿಗೂ ಇಲ್ಲ. ಶಬ್ದಕ್ಕೆ ಗದ್ದುಗೆ, ಬಾವಿಯ ದಂಡೆಯಿಂದ ಉರುಳಿದ ಕಲ್ಲು, ಯಾರೋ ಬಿಟ್ಟುಹೋದ ಕಟ್ಟೆ ಎಲ್ಲವೂ ಒಂದೇ. ತರಗತಿಯಲ್ಲಿ ಯಾರಾದರೂ ಇಷ್ಟರ ಮೇಲೆ ಹೌದು ಎಂದಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲ. "ಹೌದು ಯವ್ವಾ" ಎಂದೆ. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಅವ್ವ ಅವಸರ ಮಾಡಲಿಲ್ಲ. ವಿಭೂತಿ ಬಿಟ್ಟಳು, ಪತ್ರೆ ಬಿಟ್ಟಳು. ಗಂಟು ಬಿಚ್ಚಿ ಬಾಳೆಎಲೆಯ ಮೇಲೆ ಮನೆಯಲ್ಲಿ ಬಡಿಸುವ ಹಾಗೆಯೇ ಒಂದೊಂದಾಗಿ ಬಡಿಸಿದಳು. ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ನಾನು ತೆಂಗಿನಕಾಯಿ ಒಡೆದೆ. ಎಲೆಯನ್ನು ನೀರಿನ ಮೇಲಿಟ್ಟು ಮೆಲ್ಲಗೆ ಕೈ ಬಿಟ್ಟಳು. ಅದು ತುಸು ತೇಲಿತು, ಓರೆಯಾಯಿತು, ಅನ್ನವೂ ಹೋಳಿಗೆಯೂ ಜಾರಿ ಕೆಳಗೆ ಹೋದವು. ಎಲೆ ಮಾತ್ರ ಮೇಲೆ ಉಳಿಯಿತು. ಪರದೆಯಲ್ಲಿ ಬಿಲ್ಲುಗಳು ಕದಲಿದವು. ಒಂದು ಮೇಲೆ ಬಂತು, ಹಿಂದೆ ಇನ್ನೊಂದು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಅವ್ವ ಕೈ ಮುಗಿದುಕೊಂಡು ಪರದೆಯನ್ನೇ ನೋಡಿದಳು. ಆಚಾರ್ಯರು ಕಣ್ಣು ಒರೆಸಿಕೊಂಡರು. ಅವರ ಮನೆಯಲ್ಲಿ ಈ ವಿಷಯ ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ.

ಹೊರಡುವಾಗ ಅಂಬಿಗ ಬಾಟಲಿಯ ದಾರ ಹಿಡಿದು ನಿಂತ. ಅವನ ಸಂಕಟ ನನಗೆ ಗೊತ್ತಾಗುತ್ತಿತ್ತು. ಅಷ್ಟು ಮೀನು ಒಂದೇ ಕಡೆ ಇರುವುದನ್ನು ಅವನೂ ನೋಡಿದ್ದ.

"ಬಾಟ್ಲಿ ತಗೀಲೇನ್ರಿ ಅವ್ವಾರೆ?" ಎಂದ.

ತೆಗಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ನಮ್ಮಪ್ಪನ ನೆತ್ತಿಯ ಮೇಲೆ ಬಲೆ ಬೀಳುವುದು ನನಗೆ ಬೇಡವಾಗಿತ್ತು.

"ಇರ್ಲಿ ಬಿಡಪ್ಪ" ಎಂದಳು ಅವ್ವ. "ಇವತ್ತೊಂದಿನ ಬ್ಯಾಡ, ನಾಳಿಂದ ಹಾಕು. ಅವ್ರು ಹೊಲಕ್ಕ ಬಂದಾರನ್ನ ಯಾರನ್ನೂ ಬರಿಗೈಲಿ ಕಳಿಸಿಲ್ಲ."

ಅಂಬಿಗ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ದಡಕ್ಕೆ ಬರುವವರೆಗೆ ಅವ್ವ ಹಿಂದೆ ತಿರುಗಿ ನೋಡಲಿಲ್ಲ. ದಡದಲ್ಲಿ ಚಪ್ಪಲಿ ಹಾಕಿಕೊಂಡಳು, ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟಳು, ಆಚಾರ್ಯರಿಗೆ ಉಳಿದ ಹೋಳಿಗೆ ಕಟ್ಟಿಕೊಟ್ಟಳು.

ಆಟೊದಲ್ಲಿ ನಾವಿಬ್ಬರೇ. ಎರಡೂ ಬದಿಗೆ ಭತ್ತದ ಗದ್ದೆಗಳು ತೆನೆ ಕಟ್ಟುತ್ತಿದ್ದವು. ಅವ್ವ ಇನ್ನು ಏರಿಯ ಮಾತು ತೆಗೆಯುತ್ತಾಳೆ, ಜಾಗ ಸಿಕ್ಕಿತು, ಅದರ ಎದುರಿಗೇ ದಡದಲ್ಲಿ ನನ್ನನ್ನು ಇಡು ಎನ್ನುತ್ತಾಳೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡು ಕುಳಿತಿದ್ದೆ. ಹೇಗೆ ಇಲ್ಲ ಎನ್ನಬೇಕೆಂದು ಮಾತು ಜೋಡಿಸುತ್ತಿದ್ದ ಹೊತ್ತಿಗೆ ಅವಳೇ ಶುರು ಮಾಡಿದಳು.

"ನನ್ನ ಬಳ್ಳಾರ್ಯಾಗ ಮಣ್ಣು ಮಾಡು."

ಕೇಳಿದ್ದು ಸರಿಯೋ ತಪ್ಪೋ ಎಂದು ಅವಳ ಮುಖ ನೋಡಿದೆ.

"ಅಲ್ಲೆ ಅವ್ರು ಒಬ್ರ ಇಲ್ಲ ಬಿಡು. ನೋಡಿದ್ಯಲ್ಲ, ಗದ್ದಿಗಿ ಮಗ್ಗಲ ನನ್ನ ಜಾಗದಾಗ ಎಷ್ಟು ಜೀವ ಅದಾವ. ಅಷ್ಟು ಜೀವದ ನಡುವ ನನ್ನ ಹೆಣ ತಂದು ಎಲ್ಲಿ ಇಡ್ತಿ? ಬಳ್ಳಾರ್ಯಾಗ ಮಾಡು. ನಿನಗೂ ಹತ್ರ ಆಗ್ತೈತಿ."

ಎಷ್ಟೋ ದಿನದಿಂದ ಇದೇ ಮಾತಿಗೆ ಕಾದಿದ್ದೆ. ಇದಕ್ಕಾಗಿ ಬೈದಿದ್ದೆ, ಬೇಡಿಕೊಂಡಿದ್ದೆ, ಊರ ಹಿರಿಯರಿಂದ ಹೇಳಿಸಿದ್ದೆ. ಈಗ ಅವಳು ಹೌದೆಂದದ್ದೇ ತಡ, ನನಗೆ ಆ ಮಾತೇ ಬೇಡವಾಯಿತು. ಅವ್ವ ಹಟ ಮಾಡುವಷ್ಟು ದಿನವೂ ಹೋಗುವವಳಲ್ಲ ಎಂಬ ಧೈರ್ಯ ನನ್ನೊಳಗೆ ಎಲ್ಲೋ ಇತ್ತು. ಅದು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಜಗಳ ಮುಗಿದಿತ್ತು. ಅವಳು ಸಿದ್ಧಳಾಗಿದ್ದಳು, ನಾನು ಆಗಿರಲಿಲ್ಲ. ಕಿತ್ತಳೆ ಜಾಕೆಟ್ಟಿನಲ್ಲಿ ಮುಖ ಮುಚ್ಚಿಕೊಂಡು, ಆಟೊದವನು ಕನ್ನಡಿಯಲ್ಲಿ ನೋಡುತ್ತಿದ್ದಾನೆ ಎಂಬ ನಾಚಿಕೆಯೂ ಇಲ್ಲದೆ ಬಿಕ್ಕಿ ಬಿಕ್ಕಿ ಅತ್ತೆ.

ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ ಮುಂದಕ್ಕೆ ಬಾಗಿ ಆಟೊದವನ ಭುಜ ತಟ್ಟಿದಳು.

"ಸಾವಕಾಶ ಹೊಡಿಯಪ್ಪ" ಅಂದಳು. "ನಮಗೇನು ಅವಸರ ಇಲ್ಲ."